ಊಟಕ್ಕೆ ಕರೆದು ಕಲ್ಲು ತೋರಿಸಬೇಡಿ

ನಮ್ಮ ಆಫೀಸಿನ ಮೇಡಂ ತೀರಿಕೊಂಡ ಮೇಲೆ ಅವರ ಶಿವಗಣಾರಾಧನೆಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಕೊಬ್ಬರಿ ಸಾಹುಕಾರರು, ಪಾಯಸದ ದೊನ್ನೆಯನ್ನು ಕೆಳಗಿಟ್ಟು, ಮೊಣಕೈಯಿಂದ ತಿವಿದು ಹೇಳಿದರು: ‘ಲೋ, ಒಂದ್ಸಲ ಅವರಂಗೆ ಮಾತಾಡ್ಲಾ. ಕೇಳಂಗಾಗೈತೆ.’

ನನ್ನನ್ನು ಜನ ಹೀಗೆ ಕೇಳುವುದು ಹೊಸದಲ್ಲ. ಅರಸೀಕೆರೆಯ ಅರ್ಧ ಊರನ್ನು ಗಂಟಲಲ್ಲಿಟ್ಟುಕೊಂಡು ತಿರುಗುವವನು ನಾನು. ಜಂಕ್ಷನ್ನಿನಲ್ಲಿ ರೈಲು ತಡವಾಗಿದ್ದಕ್ಕೆ ವಿಷಾದಿಸುವ ಹೆಂಗಸು, ಕಚೇರಿಯ ಬಾಗಿಲಲ್ಲಿ ‘ಸಾಹೇಬ್ರು ಮೀಟಿಂಗ್‌ನಾಗವ್ರೆ’ ಎನ್ನುವ ಜವಾನ, ಹರಾಜಿನಲ್ಲಿ ಕೊಬ್ಬರಿ ಕೂಗುವವನು, ನಮ್ಮ ಸೋದರಮಾವ, ಎಲ್ಲರೂ ನನ್ನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ಸಾಹುಕಾರರೂ ಇದ್ದಾರೆ. ಒಮ್ಮೆ ಅವರದೇ ದನಿಯಲ್ಲಿ ಅವರ ಮನೆಗೆ ಫೋನು ಮಾಡಿ ‘ಇವತ್ತು ಉಪವಾಸ ಕಣೇ, ಅಡ್ಗೆ ಬ್ಯಾಡ’ ಎಂದು ಹೇಳಿ, ಅವರ ಟವಲಿನಿಂದ ಮೆಟ್ಟಿಲ ತುದಿಯವರೆಗೂ ಏಟು ತಿಂದಿದ್ದೇನೆ.

ಆ ದಿನವೂ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು ‘ಪುಟ ಅಂದ್ರೆ ಜಗುಲಿ ಕಣೋ’ ಎಂದೆ. ಅವರ ದನಿಯೇ ಬಂತು. ಮೂಗಿನಿಂದ ಹೊರಟು ಕೊನೆಯಲ್ಲಿ ಕತ್ತರಿಯಂತೆ ಮುಚ್ಚಿಕೊಳ್ಳುವ ದನಿ. ಪಂಕ್ತಿ ನಕ್ಕಿತು. ಅನ್ನದ ಬಕೆಟ್ಟು ಹಿಡಿದು ಬರುತ್ತಿದ್ದ ಮೇಡಂ ಅವರ ತಂಗಿ ಮಾತ್ರ ಇದ್ದಲ್ಲೇ ನಿಂತುಬಿಟ್ಟರು. ನಾನು ಎಲೆಯ ಮೇಲೆ ಬಾಗಿ ಉಪ್ಪಿನಕಾಯನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಆಮೇಲೆ ಆ ದನಿಯನ್ನು ಹೊರಗೆ ತೆಗೆದಿಲ್ಲ. ಬರೆಯುವುದಕ್ಕೆ ಗಂಟಲು ಬೇಡವಲ್ಲ, ಅದಕ್ಕೇ ಇದು.

ಸಾಹುಕಾರರ ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ಮೇಡಂ ಅವರ ಆಫೀಸು. ಮೊದಲು ಅಲ್ಲಿ ಲಗ್ನಪತ್ರಿಕೆ ಮಾಡುತ್ತಿದ್ದರು. ಜನ ಪತ್ರಿಕೆಯನ್ನು ಫೋನಿನಲ್ಲೇ ಕಳಿಸಿ, ಊಟಕ್ಕೆ ಮಾತ್ರ ಎದುರಿಗೆ ಬರತೊಡಗಿದ ಮೇಲೆ, ಅದೇ ಮೇಜು, ಅದೇ ಫ್ಯಾನು, ಅದೇ ಸಿಟ್ಟು ಇಟ್ಟುಕೊಂಡು ವೆಬ್‌ಸೈಟ್ ಕೆಲಸಕ್ಕೆ ಬಂದರು. ಆಗ ನಮ್ಮ ಕಡೆ ಸ್ಟಾರ್ಟಪ್‌ಗಳ ಸುಗ್ಗಿ. ಎಳನೀರನ್ನು ಪುಡಿ ಮಾಡುವವರು, ತೆಂಗಿನ ಚಿಪ್ಪಿನಲ್ಲಿ ಲೋಟ ಕಡೆಯುವವರು, ಹಸುವಿನ ಕಿವಿಗೆ ಯಂತ್ರ ತೂಗುಹಾಕಿ ಅದರ ಜ್ವರವನ್ನು ಫೋನಿಗೆ ಕಳಿಸುವವರು. ಎಲ್ಲರಿಗೂ ಸರಕಿಗಿಂತ ಮೊದಲು ವೆಬ್‌ಸೈಟ್ ಬೇಕು.

‘ಲಗ್ನಪತ್ರಿಕೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ’ ಎನ್ನುತ್ತಿದ್ದರು ಮೇಡಂ. ‘ಹುಡುಗ ಹೆಂಗಿದಾನೆ ಅಂತ ಯಾರೂ ನೋಡಿರಲ್ಲ. ಪತ್ರಿಕೆ ಹಿಡ್ಕೊಂಡು ಸಂಬಂಧ ಅಳೀತಾರೆ.’

ಮೊದಲ ಪುಟದ ವಿಷಯದಲ್ಲಿ ಅವರಿಗೆ ಒಂದೇ ಶಾಸ್ತ್ರ. ಪುಟ ಅಂದರೆ ಜಗುಲಿ. ಬಂದವರಿಗೆ ಮೊದಲು ಕೂರಲು ಜಾಗ, ಆಮೇಲೆ ನೀರು, ಆಮೇಲೆ ‘ತಮ್ದು ಯಾವೂರಾಯ್ತು?’ ಈ ಕ್ರಮ ತಪ್ಪಿದರೆ ಅವರಿಗೆ ಮೈಯೆಲ್ಲ ಉರಿ. ಪುಟ ತೆರೆದ ಕೂಡಲೇ ನಿಮ್ಮ ಫೋನ್ ನಂಬರ್ ಕೊಡಿ ಎಂದು ಒಂದು ಚೌಕ ಎದ್ದು ನಿಲ್ಲುತ್ತದಲ್ಲ, ಅದನ್ನು ಕಂಡರೆ ‘ಬಾಗ್ಲಲ್ಲೇ ನಿಲ್ಸಿ ಗೋತ್ರ ಕೇಳ್ತೀರೇನ್ರೀ?’ ಎಂದು ಗಿರಾಕಿಯನ್ನೇ ಗದರುವರು. ಚಿಪ್ಪಿನ ಲೋಟದವರ ಸೈಟಿನಿಂದ ಹೊರಬರುವ ಗುಂಡಿಯ ಮೇಲೆ ಯಾರೋ ‘ಹೊರಗೆ ಹೋಗಿ’ ಎಂದು ಬರೆದಿದ್ದರು. ಮೇಡಂ ಅದನ್ನು ಕೇಳಿ ಎದ್ದೇ ನಿಂತರು. ‘ನಮ್ಮ ಮನೇಲಿ ಯಾರಿಗಾದ್ರೂ ಹೊರಗೆ ಹೋಗು ಅಂದಿದೀವೇನೋ?’ ಆ ಗುಂಡಿ ‘ಹೋಗಿ ಬನ್ನಿ’ ಆಯಿತು.

ನನ್ನನ್ನು ಅವರು ಕೆಲಸಕ್ಕೆ ಇಟ್ಟುಕೊಂಡದ್ದು ನನ್ನದೇ ಒಂದು ವೆಬ್‌ಸೈಟ್‌ನ ಕಾರಣಕ್ಕೆ. ಮಿಮಿಕ್ರಿ ಕಾರ್ಯಕ್ರಮ ಹಿಡಿಯಲೆಂದು ನಾನೇ ಮಾಡಿಕೊಂಡಿದ್ದೆ. ತೆರೆದರೆ ಸಾಕು, ಸ್ವಾಗತ ಎನ್ನುವ ಅಕ್ಷರ ಎಡದಿಂದ ಬಲಕ್ಕೆ ಓಡುತ್ತಿತ್ತು, ತಮಟೆ ಬಡಿಯುತ್ತಿತ್ತು, ನನ್ನ ಫೋಟೊ ತಿರುಗಿ ತಿರುಗಿ ಬಂದು ನಡುವೆ ನಿಲ್ಲುತ್ತಿತ್ತು, ಕಪ್ಪು ಕನ್ನಡಕ ಸಮೇತ. ಮೇಡಂ ಅದನ್ನು ತೆರೆದು, ತಮಟೆ ಕೇಳಿ, ಮುಚ್ಚಿದರು.

‘ಯಾರಾದ್ರೂ ಸತ್ತಿದಾರೇನೋ?’

‘ಇಲ್ಲ ಮೇಡಂ, ಅದು ನಾನೇ.’

‘ಯಾವಾಗಿಂದ ಬರ್ತೀಯಾ ಕೆಲಸಕ್ಕೆ?’

ಇಷ್ಟೇ ನನ್ನ ಸಂದರ್ಶನ.

ಅವರ ಗುಟ್ಟು ನನಗೆ ಸಿಕ್ಕಿದ್ದು ನನ್ನ ಕೆಟ್ಟ ಬುದ್ಧಿಯಿಂದ. ಬೈಯುವಾಗ ಅವರು ಎಡಗೈಯ ಹೆಬ್ಬೆರಳಿನಿಂದ ಗಲ್ಲವನ್ನು ಒತ್ತಿಕೊಂಡು, ಹುಬ್ಬು ಒಂದನ್ನೇ ಎತ್ತುತ್ತಿದ್ದರು. ಒಂದು ದಿನ ಅವರು ನನ್ನನ್ನೇ ಬೈಯುತ್ತಿದ್ದಾಗ, ಎದುರಿಗೇ ನಿಂತು, ಸದ್ದಿಲ್ಲದೆ, ಅದನ್ನೇ ಮಾಡಿದೆ. ಗಲ್ಲ ಒತ್ತಿದೆ, ಹುಬ್ಬು ಎತ್ತಿದೆ, ತುಟಿ ಕುಣಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬೈಗುಳ ಒಂದಿಷ್ಟೂ ಕುಂಟಲಿಲ್ಲ. ಎಂಥ ಸಭೆಯಲ್ಲೂ ಎದುರಿನವರ ಮುಖ ಏನಾದರೂ ಹೇಳುತ್ತದೆ. ನಗು, ಸಿಟ್ಟು, ಕೊನೆಗೆ ಆಕಳಿಕೆ. ಅವರ ಮುಖ ಏನನ್ನೂ ಹೇಳಲಿಲ್ಲ. ನಾನು ನಿಲ್ಲಿಸಿದೆ.

‘ಕಿವಿ ಅಲ್ಲಾಡ್ತಿತ್ತು’ ಎಂದರು ಮೇಡಂ. ‘ಮುಖ ಏನು ಮಾಡ್ತಿತ್ತು?’

‘ಏನಿಲ್ಲ ಮೇಡಂ.’

‘ನನ್ನನ್ನ ಅಣಕಿಸ್ತಿತ್ತಾ?’

ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು.

‘ನೋಡಿದ ಕಡೆ ಏನೂ ಇರಲ್ಲ ಕಣೋ. ನೋಡದೇ ಇರೋ ಕಡೆ ಎಲ್ಲಾ ಇರುತ್ತೆ. ನಡುವೆ ಒಂದು ಹೊಗೆ, ಅಷ್ಟೇ. ಅಂಚೆಲ್ಲ ಚೆನ್ನಾಗಿದೆ. ನಿನ್ನ ಕಿವಿ ಎರಡೂ ಬಂದ ದಿನದಿಂದ ನೋಡ್ತಿದೀನಿ. ಮುಖ ಕಂಡಿಲ್ಲ. ನಷ್ಟ ಆಗಿದೆ ಅಂತ ಅನ್ನಿಸಿಲ್ಲ.’

ಹಾಸನದ ಡಾಕ್ಟರು ಹೊಗೆ ದೊಡ್ಡದಾಗುತ್ತದೆಯೇ ಹೊರತು ಕರಗುವುದಿಲ್ಲ ಎಂದು ಹೇಳಿಯಾಗಿತ್ತಂತೆ.

‘ಈ ಮಾತು ಈ ಮೆಟ್ಲು ಇಳೀಬಾರದು’ ಎಂದರು. ‘ಅನ್ನ ಹೋಗುತ್ತೆ ಅಂತಲ್ಲ, ಅದೂ ಹೋಗುತ್ತೆ ಬಿಡು. ಆದ್ರೆ ಒಂದ್ಸಲ ಗೊತ್ತಾಯ್ತು ಅಂದ್ರೆ, ಅಲ್ಲಿಗೆ ಮುಗೀತು. ಆಮೇಲೆ ಈ ಊರಿಗೆ ನನ್ನಲ್ಲಿ ಕಾಣೋದು ಅದೊಂದೇ. ನಾನು ಏನು ಮಾಡಿದೀನಿ ಅಂತ ಯಾರೂ ಕೆಳಗೆ ಸರಿಸಿ ನೋಡಲ್ಲ. ಮೊದಲ ಪುಟದಲ್ಲೇ ಮುಚ್ತಾರೆ.’

ಅಂದಿನಿಂದ ನನ್ನ ಎದೆಯಲ್ಲಿ ಒಂದು ಕಲ್ಲು. ಗಿರಾಕಿ ಮೆಟ್ಟಿಲು ಹತ್ತುವ ಸದ್ದಾದರೆ ಸಾಕು, ಎದ್ದು ಬಾಗಿಲಿಗೆ ಓಡುತ್ತಿದ್ದೆ. ಯಾರಾದರೂ ‘ಇದ್ ನೋಡಿ ಮೇಡಂ’ ಎಂದು ಫೋನು ಚಾಚಿದರೆ ನಾನೇ ನಡುವೆ ನುಗ್ಗಿ ಕಸಿದುಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ‘ಈ ಹುಡ್ಗಂಗೆ ಮರ್ವಾದೆ ಇಲ್ಲ’ ಎಂಬ ಹೆಸರು ಬಂತು. ಇಲ್ಲದ ಮರ್ಯಾದೆ ಹೋದರೆ ಯಾರಿಗೇನು ನಷ್ಟ.

ಪುಟ ಸರಿಯಾಗಿದೆಯೋ ಇಲ್ಲವೋ ನೋಡಲು ಅವರಿಗೆ ಒಂದು ಉಪಾಯವಿತ್ತು. ಹೊಸ ಪುಟ ತಯಾರಾದರೆ ನನ್ನ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಜಂಕ್ಷನ್ನಿಗೆ ನಡೆಯುವರು. ಪ್ಲಾಟ್‌ಫಾರಂ ಬೆಂಚಿನಲ್ಲಿ ರೈಲು ಕಾಯುವವರ ಮುಂದೆ ಅದನ್ನು ತೆರೆದು, ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟನೆ ಮುಚ್ಚಿ, ‘ಏನು ನೋಡಿದ್ರಿ?’ ಎಂದು ಕೇಳುವುದು. ರೈಲಿಗೆ ಕಾದಿರುವವನಿಗೆ ಸಭ್ಯತೆಗೆ ಪುರುಸೊತ್ತಿಲ್ಲ, ಅವನು ಸುಳ್ಳು ಹೇಳುವುದಿಲ್ಲ ಎಂಬುದು ಮೇಡಂ ಲೆಕ್ಕ. ವಡೆ ತಿನ್ನುತ್ತಿದ್ದ ಒಬ್ಬರು ಕೈ ಮುಗಿದೇಬಿಟ್ಟರು: ‘ಅಮ್ಮಾ, ನಾನು ಇನ್ಶೂರೆನ್ಸ್ ಮಾಡ್ಸಾಗೈತೆ, ಬುಟ್ಬುಡಿ.’ ಅದು ಎಳನೀರು ಪುಡಿಯ ಪುಟ. ಮೇಡಂ ಹಿಂದಿರುಗಿ ಅಷ್ಟನ್ನೂ ಅಳಿಸಿ ಮತ್ತೆ ಕೂತರು.

ಮಳೆಯಿದ್ದರೆ, ಪ್ಲಾಟ್‌ಫಾರಂ ಖಾಲಿಯಿದ್ದರೆ, ನಾನೇ ಪ್ಲಾಟ್‌ಫಾರಂ. ‘ಸಾಹುಕಾರ್ರಾಗು. ಪುಟ ತೆಗೆದೆ. ಏನು ಕಾಣ್ತು?’ ಎನ್ನುವರು. ನಾನು ಹೊಟ್ಟೆ ಮುಂದೆ ಮಾಡಿ, ಟವಲು ಕೊಡವಿ, ‘ಏನಮ್ಮಾ, ಅಕ್ಸರ ಇರುವೆ ಹರ್ದಂಗವೆ’ ಎನ್ನುತ್ತಿದ್ದೆ. ‘ಜವಾನ ಆಗು.’ ‘ಇದ್ರಾಗೆ ನಮ್ಗೇನೈತೆ?’ ‘ನಿಮ್ಮ ಸೋದರಮಾವ.’ ‘ಬೆಲೆ ಎಲ್ಲಿ ಹಾಕವ್ರೆ ಮೊದ್ಲು ಯೋಳು.’ ನಾನು ಗೇಲಿ ಮಾಡಲು ಕದ್ದಿದ್ದ ಊರಿನ ದನಿಗಳೆಲ್ಲ ಒಂದೊಂದಾಗಿ ಬಂದು ಪುಟದ ಮುಂದೆ ಕೂತು ಎದ್ದುಹೋಗುತ್ತಿದ್ದವು. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಒಂದು ಸಲ ಎಲ್ಲರೂ ಮುಗಿದ ಮೇಲೆ, ‘ಈಗ ನೀನಾಗು. ನಿನಗೇನು ಕಾಣ್ತು?’ ಎಂದರು. ನಾನು ಬಾಯಿ ತೆರೆದೆ. ಸಾಹುಕಾರರ ದನಿ ಬಂತು. ಮುಚ್ಚಿ ತೆರೆದೆ. ಸೋದರಮಾವ ಬಂದರು.

‘ಮನೇಲಿ ಯಜಮಾನ ಇಲ್ಲ ಅನ್ನು’ ಎಂದು ಮೇಡಂ ಕೆಲಸಕ್ಕೆ ಹಿಂದಿರುಗಿದರು.

ಹೀಗಿರುವಾಗ ಬೇಲೂರಿನ ಹತ್ತಿರದ ಹಗರೆ ಹಳ್ಳಿಯವನೊಬ್ಬ ಬಂದ. ನನಗಿಂತ ಸ್ವಲ್ಪ ದೊಡ್ಡವನು, ಮನೆಯಲ್ಲಿ ಹಸುಗಳು, ತಲೆಯಲ್ಲಿ ಸ್ಟಾರ್ಟಪ್. ಅವನ ಯೋಚನೆ ಸರಳ. ಬೇಲೂರು ಹಳೇಬೀಡು ನೋಡಲು ಬರುವವರು ಹೋಟೆಲಿನಲ್ಲಿ ಅದೇ ಪನೀರು ತಿಂದು ಹೋಗುತ್ತಾರೆ. ಅವರಿಗೆ ಹಗರೆ ಸುತ್ತಿನ ಮನೆಗಳಲ್ಲಿ ಮುದ್ದೆ, ಉಪ್ಸಾರು, ಗಟ್ಟಿ ಮೊಸರು ಸಿಗುವಂತೆ ಫೋನಿನಲ್ಲೇ ಗೊತ್ತುಮಾಡಿಕೊಡುವುದು.

‘ಮೇಡಂ, ಬೆಂಗ್ಳೂರಿಂದ ದುಡ್ಡು ಹಾಕೋರು ಬತ್ತಾವ್ರೆ’ ಎಂದ. ‘ಸೈಟ್ ಮೊದ್ಲೇ ಕಳ್ಸ್ಬೇಡಿ, ನಿಮ್ಮೂರಲ್ಲೇ, ನಿಮ್ಮೆದುರ್ಗೇ ಮೊದಲ ಸಲ ನೋಡ್ತೀವಿ, ಆಗ ಏನನ್ಸುತ್ತೋ ಅದೇ ತೀರ್ಮಾನ ಅಂದವ್ರೆ. ಒಪ್ಲಿಲ್ಲ ಅಂದ್ರೆ ನಾನು ವಾಪಸ್ ಹಾಲಿನ ಕ್ಯಾನ್ ಹೊರೋದೇಯ. ನೀವೇ ಬಂದು ತೋರಿಸ್ಕೊಡ್ಬೇಕು.’

‘ಬರ್ತೀನಿ’ ಎಂದರು ಮೇಡಂ. ನಾನು ಹಿಂದಿನಿಂದ ಕೆಮ್ಮಿದೆ. ಮತ್ತೆ ಕೆಮ್ಮಿದೆ. ‘ಶುಂಠಿ ತಿನ್ನು’ ಎಂದರು.

ಹಗರೆಯವನಿಗೆ ಮೊದಲ ಪುಟದಲ್ಲಿ ದೇವಸ್ಥಾನದ ಶಿಲ್ಪ ಬೇಕಿತ್ತು. ಬೇಲೂರು ಕಡೆ ಯಾರು ಏನೇ ಮಾರಲಿ, ಪಂಕ್ಚರ್ ಹಾಕುವ ಅಂಗಡಿಯಾದರೂ ಸರಿ, ಮೇಲೆ ಕನ್ನಡಿ ಹಿಡಿದ ಶಿಲಾಬಾಲಿಕೆ ಇರಲೇಬೇಕು. ಅದು ನಮ್ಮವರ ರಕ್ತದಲ್ಲೇ ಬಂದ ತಪ್ಪು. ಮೇಡಂ ಗಲ್ಲ ಒತ್ತಿಕೊಂಡರು.

‘ನೀವು ಮಾರೋದು ಏನು?’

‘ಊಟ.’

‘ಊಟಕ್ಕೆ ಕರೆದು ಕಲ್ಲು ತೋರಿಸಬೇಡಿ. ಅನ್ನದಲ್ಲಿ ಕಲ್ಲು ಸಿಕ್ಕಿದ್ರೆ ಹೆಂಗಿರುತ್ತೆ? ಒಂದು ಸಣ್ಣ ಹರಳು. ಹಲ್ಲಿಗೆ ಕಟಕ್ ಅಂತು ಅಂದ್ರೆ ಇಡೀ ಊಟ ಹೋಯ್ತು.’

ಆ ಮಾತು ಆಫೀಸಿನಲ್ಲಿ ಗಾದೆಯಾಯಿತು. ಯಾವ ಪುಟದಲ್ಲಿ ಏನೇ ತಪ್ಪಿದ್ದರೂ ‘ಮೇಡಂ, ಕಲ್ಲು’ ಎನ್ನುತ್ತಿದ್ದೆ ನಾನು.

ಅವರು ಮಾಡಿಸಿದ ಪುಟದಲ್ಲಿ ಇದ್ದದ್ದು ಒಂದು ಕೈ. ಹಗರೆಯವನ ಅಜ್ಜಿಯದು. ಸವೆದ ಬಳೆ, ಬಿಸಿ ಮುದ್ದೆ, ತಟ್ಟೆಯ ಅಂಚು, ಮೇಲೆ ಹಬೆ. ಕೆಳಗೆ ಎರಡು ಸಾಲು ಮಾತು. ಅದರ ಕೆಳಗೆ ಒಂದು ಗುಂಡಿ. ಗುಂಡಿಯ ಮೇಲೆ ‘ಬುಕ್ ಮಾಡಿ’ ಎಂದಿರಲಿಲ್ಲ. ‘ಊಟಕ್ಕೆ ಏಳಿ’ ಎಂದಿತ್ತು. ಮದುವೆ ಮನೆಯಲ್ಲಿ, ಹಬ್ಬದ ಮನೆಯಲ್ಲಿ, ಜಗುಲಿಯಲ್ಲಿ ಕೂತವರನ್ನು ಒಳಗೆ ಕರೆಯುವ ಮಾತು. ಅದನ್ನು ಕೇಳಿದ ಮೇಲೆ ನಮ್ಮ ಕಡೆಯ ಯಾವನೂ ಕೂತೇ ಇರಲಾರ.

ತೋರಿಸುವ ದಿನ ಹತ್ತಿರ ಬಂದಂತೆ ನಮ್ಮ ತಾಲೀಮು ಶುರುವಾಯಿತು. ಆಫೀಸಿನ ಗೋಡೆಯೇ ಪರದೆ. ಮೇಡಂ ಅದಕ್ಕೆ ಬೆನ್ನು ಮಾಡಿ ನಿಲ್ಲುವರು. ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಕತ್ತು ಓರೆಯಾಗುತ್ತದೆ, ಓರೆಗಣ್ಣಿನಲ್ಲಿ ಹುಡುಕುವುದು ಜನಕ್ಕೆ ತಿಳಿಯುತ್ತದೆ. ಆದ್ದರಿಂದ ಮೈಯಲ್ಲೇ ಅಳತೆ. ತಲೆಯ ಮಟ್ಟದಲ್ಲಿ ಹೆಸರು, ಭುಜದ ಮಟ್ಟದಲ್ಲಿ ಅಜ್ಜಿಯ ಕೈ, ಮೊಣಕೈ ಮಟ್ಟದಲ್ಲಿ ಮಾತು, ಸೊಂಟದ ಹತ್ತಿರ ಗುಂಡಿ. ತಪ್ಪಿದರೆ ನಾನು ಸಾಹುಕಾರರಾಗಿ ‘ಅಲ್ಲಿ ನೊಣ ಐತೆ ಕಣಮ್ಮಾ’ ಎನ್ನುತ್ತಿದ್ದೆ. ಕೊನೆಗೆ ತಪ್ಪುವುದೇ ನಿಂತಿತು. ನೋಡಿದವರಿಗೆ, ಇವರು ತಮ್ಮ ಮನೆಯ ಕಪಾಟು ತೋರಿಸುತ್ತಿದ್ದಾರೆ ಎನ್ನಿಸಬೇಕು, ಹಾಗೆ.

ಆ ದಿನ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದೆವು. ಮೇಡಂ ಕಿಟಕಿಯ ಪಕ್ಕ ಕೂತು ಒಂದು ಮಾತೂ ಆಡಲಿಲ್ಲ. ಬಲಗೈ ಮಾತ್ರ ಮುಂದಿನ ಸೀಟಿನ ಬೆನ್ನಿನ ಮೇಲೆ ತಾಲೀಮು ನಡೆಸುತ್ತಿತ್ತು. ಕೈ, ಮಾತು, ಗುಂಡಿ. ಕೈ, ಮಾತು, ಗುಂಡಿ. ಹಳೇಬೀಡು ಹತ್ತಿರವಾದಾಗ ಮುಂದಿನ ಸೀಟಿನ ಹೆಂಗಸು ತಿರುಗಿದರು. ‘ಯಾಕವ್ವಾ, ನನ್ನ ಬೆನ್ನು ತಟ್ತಾ ಕುಂತಿದೀಯಾ? ನಾನೇನು ಮಲಗ್ಬೇಕಾ?’ ಬೇರೆ ದಿನವಾದರೆ ಮೇಡಂ ತಕ್ಕ ಉತ್ತರ ಕೊಡುತ್ತಿದ್ದರು. ಅಂದು ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಬೇಲೂರಿನಲ್ಲಿ ಒಂದು ಲಾಡ್ಜಿನ ಮೀಟಿಂಗ್ ಹಾಲು. ಪರದೆ, ಕುರ್ಚಿಗಳು, ಬಿಸ್ಕತ್ತು. ಹಳೇಬೀಡು ನೋಡಿಕೊಂಡು ಬಂದ ಬೆಂಗಳೂರಿನವರು ಇಬ್ಬರು, ಬೆಳ್ಳಿಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಒಬ್ಬ ಹೆಂಗಸು ಮತ್ತು ಒಬ್ಬ ಎತ್ತರದ ಗಂಡಸು. ಹಗರೆಯವನು ಇಸ್ತ್ರಿ ಮಾಡಿದ ಅಂಗಿಯೊಳಗೆ ಕೊಬ್ಬರಿಯಂತೆ ಒಣಗಿ ನಿಂತಿದ್ದ. ‘ನಮ್ಮ ಲ್ಯಾಪ್‌ಟಾಪ್ ಹಾಕ್ಲಾ?’ ಎಂದು ನಾನು ಕೇಳಿದರೆ, ‘ಬೇಡ ಬೇಡ, ನಂದೇ ಹಾಕಿದೀನಿ’ ಎಂದ. ನನ್ನ ಮುಖ ನೋಡಲಿಲ್ಲ. ನಾನು ಹಿಂದೆ ಹೋಗಿ ಲೈಟು ಆರಿಸುವ ಸ್ವಿಚ್ಚಿನ ಬಳಿ ನಿಂತೆ.

ಮೇಡಂ ಪರದೆಗೆ ಬೆನ್ನು ಮಾಡಿ, ಭುಜ ನೆಟ್ಟಗೆ ಮಾಡಿ ನಿಂತರು. ನಾನು ಲೈಟು ಆರಿಸಿದೆ. ಪರದೆ ಬೆಳಗಿತು.

ಶಿಲಾಬಾಲಿಕೆ.

ಮೇಲಿಂದ ಕೆಳಗಿನವರೆಗೆ ಕಲ್ಲು. ಕೈಯಲ್ಲಿ ಕನ್ನಡಿ. ಸುತ್ತ ಮಿನುಗುವ ಅಕ್ಷರ. ಮೂಲೆಯಿಂದ ಒಂದು ಚೌಕ ಪುಟಿದೆದ್ದು ನಿಮ್ಮ ಫೋನ್ ನಂಬರ್ ಕೊಡಿ ಎಂದಿತು. ಹಗರೆಯವನು ಕೊನೆಯ ಗಳಿಗೆಯಲ್ಲಿ ಧೈರ್ಯ ಸಾಲದೆ, ಯಾರ ಕೈಯಲ್ಲೋ ಪುಟವನ್ನೇ ಬದಲಾಯಿಸಿಬಿಟ್ಟಿದ್ದ. ಹೇಳಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕಲ್ಲ, ಅದು ಅವನಲ್ಲಿರಲಿಲ್ಲ. ಪರದೆ ಬೆಳಗಿದ ಕೂಡಲೇ ಮೇಡಂ ನೋಡುತ್ತಾರೆ, ಬೈಯುತ್ತಾರೆ, ಆಮೇಲೆ ಹೇಗೋ ಸರಿಹೋಗುತ್ತದೆ ಎಂದುಕೊಂಡಿದ್ದನೇನೋ. ಮೇಡಂ ನೋಡಲಿಲ್ಲ.

‘ಮೊದಲು ನಿಮಗೆ ಕಾಣೋದು ಒಂದು ಕೈ’ ಎಂದರು ಮೇಡಂ, ತುಂಬಿದ ದನಿಯಲ್ಲಿ. ಭುಜದ ಮಟ್ಟಕ್ಕೆ ಎತ್ತಿದ ಅವರ ಕೈ ಶಿಲಾಬಾಲಿಕೆಯ ಸೊಂಟದ ಮೇಲೆ ಸರಿಯಾಗಿ ಹೋಗಿ ಕೂತಿತು.

ಎತ್ತರದ ಗಂಡಸು ಕೆಮ್ಮಿದ. ಬೆಳ್ಳಿಕೂದಲಿನ ಹೆಂಗಸು ಪರದೆಯನ್ನು ನೋಡಿದರು, ಮೇಡಂ ಕೈಯನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಹಗರೆಯವನು ನೆಲ ನೋಡಿದ.

‘ಯಾರ ಕೈ ಅಂತ ನಾವು ಹೇಳಿಲ್ಲ. ಆ ಬಳೆ ನೋಡಿ. ಸವೆದಿದೆ. ಹೊಸ ಬಳೆ ಹಾಕ್ಸಿ ಫೋಟೊ ತೆಗೀಬಹುದಿತ್ತು...’

ಒಂದೊಂದು ಮಾತಿಗೂ ಅವರು ಕೆರೆಯೊಳಗೆ ಒಂದೊಂದು ಹೆಜ್ಜೆ ಇಳಿಯುತ್ತಿದ್ದರು. ‘ಮೇಡಂ, ಪುಟ ಬದಲಾಗಿದೆ’ ಎಂದು ಕೂಗಿದರೆ, ಮರುಗಳಿಗೆಯಲ್ಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಷ್ಟು ದೊಡ್ಡದು ಇವರಿಗೆ ಕಾಣಲಿಲ್ಲವೇ? ಕೂಗದಿದ್ದರೆ ಕೈ ಇನ್ನೂ ಕೆಳಗೆ, ಇಲ್ಲದ ಗುಂಡಿಯ ಕಡೆಗೆ ಹೋಗುತ್ತದೆ. ಹೋಗುತ್ತಲೇ ಇತ್ತು. ಆಗ ನನ್ನ ಗಂಟಲಿನಿಂದ, ನನ್ನನ್ನು ಕೇಳದೆಯೇ, ಸಾಹುಕಾರರು ಎದ್ದು ಬಂದರು:

‘ಅಯ್ಯಯ್ಯೋ ತಾಯೀ! ಊಟಕ್ಕೆ ಅಂತ ಕರೆದ್ಬುಟ್ಟು ಅನ್ನದಾಗೆ ಕಲ್ಲು ಬಡಿಸ್ಬುಟ್ರಲ್ಲಾ!’

ಎಲ್ಲರೂ ತಿರುಗಿದರು. ಎತ್ತರದ ಗಂಡಸು ಅಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದ ನಗುವನ್ನು ಬಿಟ್ಟ. ಮೇಡಂ ಕೈ ಗಾಳಿಯಲ್ಲೇ ನಿಂತಿತು. ಅವರಿಗೆ ಅರ್ಥವಾದದ್ದು ನನಗೆ ಕಂಡಿತು. ಹೆಬ್ಬೆರಳು ನಿಧಾನವಾಗಿ ಗಲ್ಲಕ್ಕೆ ಹೋಯಿತು.

ನಾನು ಅವರಿಗೆ ಓಡಲು ದಾರಿ ಮಾಡಿಕೊಟ್ಟಿದ್ದೆ. ‘ನೋಡಿ, ಇದು ಎಲ್ಲರೂ ಮಾಡುವ ತಪ್ಪು, ಬೇಕೆಂದೇ ತೋರಿಸಿದೆ, ಈಗ ನನ್ನದನ್ನು ನೋಡಿ’ ಎಂದಿದ್ದರೆ ಮುಗಿದಿತ್ತು. ಅಷ್ಟು ಚುರುಕು ಅವರಲ್ಲಿತ್ತು. ಹಗರೆಯವನೂ ಅದನ್ನೇ ಬೇಡುವಂತೆ ತಲೆಯೆತ್ತಿದ.

ಮೇಡಂ ಕೈ ಇಳಿಸಿದರು.

‘ಈ ಪುಟ ನಾನು ಮಾಡಿದ್ದಲ್ಲ’ ಎಂದರು. ‘ಇದು ಬದಲಾಗಿರೋದು ನಂಗೆ ಗೊತ್ತಾಗಲಿಲ್ಲ, ಯಾಕೆಂದ್ರೆ ನಂಗೆ ಕಾಣಲ್ಲ. ನಡುವಿಂದು ಏನೂ ಕಾಣಲ್ಲ. ನೀವಿಬ್ರೂ ಹೆಂಗಿದೀರಿ ಅಂತಲೂ ಗೊತ್ತಿಲ್ಲ. ನಕ್ಕಿದ್ದು ಯಾರೋ ಅವರು ಎತ್ತರ ಇದಾರೆ, ನಗು ಮೇಲಿಂದ ಬಂತು.’

ನಾನು ಲೈಟಿನ ಸ್ವಿಚ್ಚನ್ನು ಹಾಕುವುದೋ ಬೇಡವೋ ತಿಳಿಯದೆ ಹಾಗೇ ಹಿಡಿದು ನಿಂತಿದ್ದೆ. ಹಗರೆಯವನ ಬಾಯಿ ತೆರೆದದ್ದು ತೆರೆದೇ ಇತ್ತು. ಕೊನೆಗೆ ಬೆಳ್ಳಿಕೂದಲಿನ ಹೆಂಗಸು ಕೇಳಿದರು: ‘ನಿಮ್ಮ ಪುಟ ಇದೆಯಾ?’

ನಮ್ಮ ಲ್ಯಾಪ್‌ಟಾಪನ್ನು ತಂದು ಅವರ ಮುಂದೆ ಇಟ್ಟೆ. ಮೇಡಂ, ‘ಅಲ್ಲಿ ಮಾಡ್ತೀವಲ್ಲ, ಹಂಗೇ ಮಾಡು’ ಎಂದರು. ಅಲ್ಲಿ ಎಂದರೆ ಜಂಕ್ಷನ್. ತೆರೆದೆ. ಪಟ್ಟನೆ ಮುಚ್ಚಿದೆ. ಕನ್ನಡಕ ಸರಿಮಾಡಿಕೊಳ್ಳಲು ಎತ್ತಿದ ಹೆಂಗಸಿನ ಕೈ ಇನ್ನೂ ಅಲ್ಲೇ ಇತ್ತು.

‘ಮೊದಲನೇದರಲ್ಲಿ ಏನು ನೋಡಿದ್ರಿ?’ ಎಂದು ಕೇಳಿದರು ಮೇಡಂ.

‘ದೇವಸ್ಥಾನ. ಬೆಳಿಗ್ಗೆಯಿಂದ ನೋಡ್ತಾನೇ ಇದೀವಿ.’

‘ಇದರಲ್ಲಿ?’

‘ಒಬ್ಬರು ಅಜ್ಜಿ. ಬಡಿಸ್ತಾ ಇದಾರೆ.’

‘ಅಜ್ಜಿ ಮುಖ ಹೆಂಗಿತ್ತು?’

‘ಮುಖ...’ ಆಕೆ ನಿಂತರು. ‘ಇರಲಿಲ್ವಾ ಮುಖ?’

‘ಇಲ್ಲ’ ಎಂದರು ಮೇಡಂ.

ಆಕೆ ತಾವೇ ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ಹಗರೆಯವನ ಕಡೆ ತಿರುಗಿ, ‘ಈ ಅಜ್ಜಿ ಮನೆ ಇಲ್ಲಿಂದ ಎಷ್ಟು ದೂರ?’ ಎಂದರು. ಹಗರೆಯವನು ಬದುಕಿದ. ಅವನ ಕಾರು ಅವರಿಬ್ಬರನ್ನು ಕೂರಿಸಿಕೊಂಡು ಅಜ್ಜಿಯ ಮನೆಗೆ ಹೊರಟಿತು. ಆ ಗಡಿಬಿಡಿಯಲ್ಲಿ ನಮ್ಮಿಬ್ಬರಿಗೆ ಊಟಕ್ಕೆ ಏಳಿ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚಿತ್ರಾನ್ನ ತಿಂದೆವು.

‘ಸುಳ್ಳು ಹೇಳ್ಬಹುದಿತ್ತು ಮೇಡಂ. ನಾನು ಬಾಗ್ಲು ತೆಗೆದಿದ್ನಲ್ಲ.’

‘ನೀನು ತೆಗೆದೆ, ನಿಜ.’ ಕಡಲೆಬೀಜ ಅಗಿದು ಮುಗಿಸಿದರು. ‘ಮೊದಲ ಸಲ ನೋಡೋಕೆ ಅಂತ ಬಂದಿದ್ರು ಕಣೋ. ಇಲ್ಲದ ಜಗುಲಿ ಮೇಲೆ ಎಷ್ಟು ಹೊತ್ತು ಕೂರಿಸೋದು?’ ಆಮೇಲೆ, ‘ಸಾಹುಕಾರ್ರ ದನಿ ಇವತ್ತು ಸ್ವಲ್ಪ ನಡುಗ್ತಿತ್ತು’ ಎಂದರು.

ಅವರು ಹೆದರಿದ್ದು ಹೆದರಿದಂತೆಯೇ ಆಯಿತು. ಸುದ್ದಿ ನಮ್ಮ ಬಸ್ಸಿಗಿಂತ ಮುಂಚೆ ಅರಸೀಕೆರೆ ತಲುಪಿತ್ತು. ಮಾರನೆಯ ದಿನ ಸಾಹುಕಾರರು ಮಹಡಿ ಹತ್ತಿ ಬಂದು, ಮೇಡಂ ಮುಖದ ಮುಂದೆ ಬೆರಳು ಚಾಚಿ, ‘ಏಟೈತೆ ಯೋಳಮ್ಮಾ’ ಎಂದರು.

‘ಎಷ್ಟಿದೆ ಗೊತ್ತಿಲ್ಲ. ಕೈ ತೊಳ್ದಿಲ್ಲ ಅಂತ ಗೊತ್ತಾಗ್ತಿದೆ.’

ಸಾಹುಕಾರರು ನಕ್ಕರು. ಆದರೆ ಆಮೇಲೆ ಬಂದವರೆಲ್ಲ ಬೆರಳನ್ನೇ ಚಾಚಿದರು. ಮಾಡಿದ ಪುಟಗಳ ಮಾತು ನಿಂತಿತು. ‘ಪಾಪ’ ಎಂಬ ಮಾತು ಶುರುವಾಯಿತು. ಹಗರೆಯವನು ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡು, ಸೈಟನ್ನು ಬೇರೆಯವರಿಗೆ ಒಪ್ಪಿಸಿದ. ಅಜ್ಜಿಯ ಕೈ ಇವತ್ತಿಗೂ ಮೊದಲ ಪುಟದಲ್ಲಿದೆ. ಗುಂಡಿಯ ಮೇಲೆ ‘ಊಟಕ್ಕೆ ಏಳಿ’ ಎಂದೇ ಇದೆ. ಮೇಡಂ ಆಫೀಸನ್ನು ನನ್ನ ತಲೆಗೆ ಕಟ್ಟಿ, ಮಾಲೇಕಲ್ಲು ಬೆಟ್ಟದ ದಾರಿಯಲ್ಲಿರುವ ತಂಗಿಯ ಮನೆಗೆ ಹೋಗಿಬಿಟ್ಟರು. ಅಲ್ಲಿನ ಜಗುಲಿಯಲ್ಲಿ ಕೂತು ಬೇರೆ ಕಡೆ ಮುಖ ಮಾಡಿದರೆ ಬೆಟ್ಟದ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದರು.

ಅವರು ತೀರಿಕೊಳ್ಳುವ ಸ್ವಲ್ಪ ಮುಂಚೆ ಅಲ್ಲಿಗೆ ಹೋಗಿದ್ದೆ. ಎಲ್ಲರಿಗೂ ವೆಬ್‌ಸೈಟ್ ಮಾಡಿದ ನಮ್ಮ ಆಫೀಸಿಗೆ ಮಾತ್ರ ಅದುವರೆಗೂ ವೆಬ್‌ಸೈಟ್ ಇರಲಿಲ್ಲ. ನಾನು ಮಾಡಿದ್ದೆ. ತಮಟೆಯಿಲ್ಲ, ತಿರುಗುವ ಫೋಟೊ ಇಲ್ಲ, ಕಪ್ಪು ಕನ್ನಡಕವೂ ಇಲ್ಲ. ಹೊಗೆ ಆಗ ಅಂಚಿನವರೆಗೂ ಹರಡಿತ್ತು. ನನ್ನ ಕಿವಿಗಳೂ ಹೋಗಿವೆ ಎಂದು ಹೇಳಿ ನಕ್ಕರು. ನಾನು ಓದಬೇಕು, ಅವರು ಕೇಳಬೇಕು.

‘ಯಾರಾಗಿ ಓದ್ಲಿ ಮೇಡಂ?’

‘ನಿನ್ನಿಷ್ಟ.’

ಸಾಹುಕಾರರಾಗಿ ಶುರುಮಾಡಿದೆ. ಕೈ ಅಡ್ಡ ಮಾಡಿದರು. ಸೋದರಮಾವನಾದೆ. ಅದಕ್ಕೂ ಕೈ ಅಡ್ಡ. ಆಮೇಲೆ ನಾನು ಯಾರೂ ಆಗದೆ ಓದಿದೆ. ಸ್ವಲ್ಪ ತೆಳು ದನಿ, ಅಲ್ಲಲ್ಲಿ ತಡವರಿಸಿತು, ಎರಡನೆಯ ಸಾಲಿನಲ್ಲಿ ಒಡೆಯಿತು. ಓದಿ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದೆ.

ಮೇಡಂ ತಲೆಯನ್ನು ದನಿ ಬಂದ ಕಡೆಗೆ ತಿರುಗಿಸಿದರು. ಸೆರಗು ಸರಿಮಾಡಿಕೊಂಡರು. ಪಕ್ಕದಲ್ಲಿದ್ದ ನೀರಿನ ಚೊಂಬನ್ನು ತಡವಿ ಎತ್ತಿ ನನ್ನ ಕಡೆ ಚಾಚಿದರು. ಅಷ್ಟು ವರ್ಷ ನನ್ನನ್ನು ನೀನು, ಲೋ, ಕಣೋ ಎಂದೇ ಕರೆದಿದ್ದವರು ಕೇಳಿದರು:

‘ಬನ್ನಿ, ಕೂತ್ಕೊಳ್ಳಿ. ತಮ್ದು ಯಾವೂರಾಯ್ತು?’

‘ಇಲ್ಲೇ’ ಎಂದೆ, ಚೊಂಬು ಹಿಡಿದುಕೊಂಡು. ‘ಅರಸೀಕೆರೆ.’